ಗುಡಿ ಉಳಿಯಿತು, ಓಣಿಯ ಗತಿ ಏನು?

ಆನೆಗೊಂದಿಯ ಮಾಳಿಗೆ ಮನೆಯಿಂದ ಅಮೆರಿಕದ ಸವಾನಾ ನಗರದವರೆಗೆ ಹಳೆಯ ವಸತಿಗಳು ಕೇಳುವ ಪ್ರಶ್ನೆ ಒಂದೇ: ಉಳಿಸುವುದು ಯಾರಿಗಾಗಿ?

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಗಾದೆ ಕೊಪ್ಪಳ ಸೀಮೆಯ ಮಕ್ಕಳಿಗೂ ಬಾಯಿಪಾಠ. ಕಾಲಿದ್ದವರೂ ಕಣ್ಣಿದ್ದವರೂ ಬರುತ್ತಾರೆ. ಗುಡಿ ನೋಡುತ್ತಾರೆ, ಕೋಟೆ ನೋಡುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಗುಡಿಗೂ ಕೋಟೆಗೂ ನಡುವಿನ ಓಣಿಯಲ್ಲೇ ಅವರು ನಡೆದು ಬಂದಿರುತ್ತಾರೆ. ಆದರೆ ಆ ಓಣಿಯ ಮನೆಗಳನ್ನು ನಿಂತು ನೋಡುವವರು ಬಹಳ ಕಡಿಮೆ.

ಕೊಪ್ಪಳ ಜಿಲ್ಲೆಯಲ್ಲಿ ನೋಡಲು ಇರುವುದು ಸ್ವಲ್ಪವೇನಲ್ಲ. ಕೊಪ್ಪಳದ ಗವಿಮಠದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಇಟಗಿಯಲ್ಲಿ 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯವಿದೆ. ಕುಕನೂರಿನಲ್ಲಿ ನವಲಿಂಗ ದೇವಾಲಯವಿದೆ. ಯಲಬುರ್ಗಾ ಹಿಂದೆ ಎರಂಬರಗೆ ಎಂಬ ಹೆಸರಿನಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಕಬ್ಬಿಣ ಯುಗದ ಬೃಹತ್ ಶಿಲಾಸಮಾಧಿಗಳಿವೆ. 2021ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು. ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿದ ಆ ಸಮಾಧಿಗಳನ್ನು ಸುತ್ತಲಿನ ಜನ 'ಮೋರಿಯರ ಮನೆಗಳು' ಎಂದೇ ಕರೆಯುತ್ತಾರೆ. ಸತ್ತವರಿಗೆ ಕಟ್ಟಿದ್ದನ್ನೂ ಮನೆ ಎನ್ನುವ ಸೀಮೆ ಇದು.

ಸತ್ತವರ ಮನೆಗೆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಬದುಕಿರುವವರ ಹಳೆಯ ಮನೆಗಳಿಗೆ? ಒಂದೊಂದು ಮಳೆಗಾಲಕ್ಕೂ ಒಂದೊಂದು ಬೀಳುತ್ತಿದೆ. ಬಿದ್ದ ಜಾಗದಲ್ಲಿ ಸಿಮೆಂಟಿನ ಮನೆ ಏಳುತ್ತಿದೆ. ಇದು ತಪ್ಪೇ, ಸರಿಯೇ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಇದಕ್ಕೆ ಆನೆಗೊಂದಿಯಷ್ಟು ಒಳ್ಳೆಯ ಉದಾಹರಣೆ ಬೇರೊಂದಿಲ್ಲ.

ಊರೇ ಒಂದು ಸ್ಮಾರಕ

ಗಂಗಾವತಿ ತಾಲ್ಲೂಕಿನ ಆನೆಗೊಂದಿ ತುಂಗಭದ್ರೆಯ ಉತ್ತರ ದಂಡೆಯ ಮೇಲಿದೆ. ಆಚೆ ದಂಡೆಗೆ ತಳವಾರಘಟ್ಟ, ಅದರಾಚೆಗೆ ವಿಜಯವಿಠ್ಠಲ ದೇವಾಲಯ. ಹಂಪಿಗಿಂತ ಮೊದಲೇ ಹೆಸರಾಗಿದ್ದ ಊರಿದು. ವಿಜಯನಗರ ಸಾಮ್ರಾಜ್ಯದ ಬೇರು ಇಲ್ಲಿದೆ. ಸಾಮ್ರಾಜ್ಯ ಬಿದ್ದ ನಂತರವೂ ಅರಸು ಮನೆತನದವರು ನೆಲೆ ನಿಂತದ್ದು ಇಲ್ಲಿಯೇ. ಕೋಟೆಯ ಬಾಗಿಲು ದಾಟಿ ಒಳಗೆ ಬಂದರೆ ಊರ ನಡುವಿನ ಬಯಲು ಸಿಗುತ್ತದೆ. ಅಲ್ಲಿ ಗಗನಮಹಲ್, ಅಲ್ಲಿಯೇ ರಂಗನಾಥಸ್ವಾಮಿ ದೇವಾಲಯ, ತೇರು. ನದಿಯ ಕಡೆ ನಡೆದರೆ ಕರಿಕಲ್ಲಿನ ಕಂಬಗಳ ಹುಚ್ಚಪ್ಪಯ್ಯನ ಮಠ.

ಹಂಪಿಯ ಬಹುಭಾಗ ಪಾಳು ಪಟ್ಟಣ. ಆನೆಗೊಂದಿ ಹಾಗಲ್ಲ. ಇಲ್ಲಿ ಜನ ಸತತವಾಗಿ ಬಾಳಿದ್ದಾರೆ. ಕೋಟೆಯ ಬಾಗಿಲಿನಲ್ಲಿ ಈಗಲೂ ಎತ್ತಿನ ಗಾಡಿ, ಟ್ರ್ಯಾಕ್ಟರ್, ಶಾಲೆಯ ಮಕ್ಕಳು ಓಡಾಡುತ್ತಾರೆ. ಸುತ್ತಲಿನ ಬಾಳೆ, ಭತ್ತದ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳ ನೀರು ಹರಿಯುತ್ತದೆ. ಓಣಿಯ ಮನೆಯೊಂದರ ಕಟ್ಟೆಗೆ ಯಾವುದೋ ಮಂಟಪದ ಕೆತ್ತಿದ ಕಲ್ಲು ಮೆಟ್ಟಿಲಾಗಿರುವುದೂ ಉಂಟು. ಇತಿಹಾಸ ಇಲ್ಲಿ ಬೇಲಿಯೊಳಗೆ ಇಲ್ಲ. ಮನೆಯವರ ಕಾಲ ಕೆಳಗೇ ಇದೆ.

ಹಂಪಿಯ ಸ್ಮಾರಕ ಸಮೂಹ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಗ ದೇವಾಲಯ, ಮಹಲು, ಮಂಟಪಗಳ ಬಗ್ಗೆ ಲೋಕವೆಲ್ಲ ಮಾತಾಡಿತು. ಅದೇ ನೆಲದಲ್ಲಿ ಕಲ್ಲು, ಮಣ್ಣು, ಬೇವಿನ ತೊಲೆಗಳಿಂದ ಕಟ್ಟಿದ ಸಾಮಾನ್ಯರ ಮನೆಗಳ ಬಗ್ಗೆ ಮಾತು ಎದ್ದದ್ದು ಬಹಳ ತಡವಾಗಿ.

ಮಾಳಿಗೆ ಮನೆಯ ವಿಜ್ಞಾನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ಹಳೆಯ ಮನೆಗಳ ರಚನೆ ಹೆಚ್ಚು ಕಡಿಮೆ ಒಂದೇ. ಹೊರಗೆ ಕಟ್ಟೆ. ತಲೆಬಾಗಿಲು ದಾಟಿದರೆ ದನ ಕಟ್ಟಲು ತಗ್ಗಿನ ಜಾಗ, ಗೋದಲಿ. ಅಲ್ಲಿಂದ ಒಂದೆರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಅದರ ಹಿಂದೆ ಅಡಿಗೆಮನೆ, ದೇವರ ಮನೆ. ಜೋಳ ತುಂಬಿಡಲು ನೆಲದಡಿಯಲ್ಲಿ ಹಗೇವು. ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ. ಮಾಳಿಗೆಯ ನಡುವೆ ಬೆಳಕಿಗೂ ಹೊಗೆಗೂ ಒಂದು ಗವಾಕ್ಷಿ.

ಇದನ್ನು ಬಡತನದ ಕಟ್ಟಡ ಎಂದುಕೊಂಡವರೇ ಹೆಚ್ಚು. ಆದರೆ ಇದರಲ್ಲಿ ಅಡಗಿರುವ ಭೌತವಿಜ್ಞಾನವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಳೆಯ ಮನೆಯ ಗೋಡೆ ಎರಡು ಅಡಿ ದಪ್ಪ. ಮಧ್ಯಾಹ್ನ ಗೋಡೆಯ ಹೊರಮೈಗೆ ತಾಗಿದ ಶಾಖ ಒಳಮೈಗೆ ತಲುಪಬೇಕಾದರೆ ಆ ಎರಡು ಅಡಿಯನ್ನೂ ದಾಟಬೇಕು. ಕಲ್ಲು ಮಣ್ಣಿನ ಅಷ್ಟು ದಪ್ಪದ ಗೋಡೆಯನ್ನು ಶಾಖದ ಅಲೆ ದಾಟಲು ಸುಮಾರು 10ರಿಂದ 14 ಗಂಟೆ ಹಿಡಿಯುತ್ತದೆ. ಮಧ್ಯಾಹ್ನದ ಉರಿ ಒಳಗೆ ಬರುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ಮನೆಯವರು ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿರುತ್ತಾರೆ! ನಾಲ್ಕು ಅಂಗುಲದ ಸಿಮೆಂಟ್ ಕಾಂಕ್ರೀಟ್ ಚಾವಣಿಯಾದರೆ ಈ ವಿಳಂಬ ಎರಡು ಮೂರು ಗಂಟೆ ಮಾತ್ರ. ತಗಡಿನ ಚಾವಣಿಗೆ ಕೆಲವೇ ನಿಮಿಷ ಸಾಕು.

ದಪ್ಪ ಗೋಡೆಯಿಂದ ಇನ್ನೊಂದು ಲಾಭವೂ ಇದೆ. ಶಾಖ ದಾಟುವಾಗ ತಡವಾಗುವುದಷ್ಟೇ ಅಲ್ಲ, ಅದರ ಏರಿಳಿತವೂ ಕುಗ್ಗುತ್ತದೆ. ಹೊರಗೆ ಹಗಲು ರಾತ್ರಿಗಳ ನಡುವೆ 15 ಡಿಗ್ರಿ ವ್ಯತ್ಯಾಸವಿದ್ದರೂ ಒಳಗೆ ಅದು ಕೆಲವೇ ಡಿಗ್ರಿಗೆ ಇಳಿಯುತ್ತದೆ. ಗವಾಕ್ಷಿ ಮಾಡುವ ಕೆಲಸವೂ ಸರಳ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮೇಲೆ ದಾರಿ ಇದ್ದರೆ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಕರೆಂಟು ಹೋದರೂ ಈ ವ್ಯವಸ್ಥೆ ನಿಲ್ಲುವುದಿಲ್ಲ.

ಮಾಳಿಗೆಯ ಮಣ್ಣಿನ ಕತೆ ಇನ್ನೂ ಸ್ವಾರಸ್ಯಕರ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಅಥವಾ ಕಲ್ಲುಚಪ್ಪಡಿ, ಅದರ ಮೇಲೆ ತಪ್ಪಲು, ಆಮೇಲೆ ಕಲಸಿದ ಮಣ್ಣು. ಎಲ್ಲಕ್ಕೂ ಮೇಲೆ ಸವಳು ಮಣ್ಣು. ಎರೆ ಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೊದಲ ಮಳೆಗೇ ಮನೆ ಸೋರುತ್ತದೆ. ಸವಳು ಮಣ್ಣು ಹಾಗಲ್ಲ. ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಅತಿ ಸಣ್ಣ ಕಣಗಳು ಒಂದರಿಂದೊಂದು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳಲ್ಲಿ ಸೇರಿ ದಾರಿ ಮುಚ್ಚಿಬಿಡುತ್ತವೆ. ಮೇಲ್ಪದರ ತೊಯ್ದು ಮುಚ್ಚಿಕೊಂಡಿತೆಂದರೆ ಕೆಳಗೆ ನೀರು ಇಳಿಯದು. ಹರಿದು ದೋಣಿಯ ಮೂಲಕ ಹೊರಕ್ಕೆ ಬೀಳುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ರೈತರನ್ನು ಕಾಡುತ್ತಿರುವ ದೊಡ್ಡ ಪಿಡುಗು ಈ ಸವಳೇ. ಅತಿಯಾಗಿ ನೀರು ಹಾಯಿಸಿ ಸವಳಾದ ಜಮೀನನ್ನು ಸರಿಪಡಿಸುವುದು ಹೇಗೆಂದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಶೋಧನೆ ನಡೆದಿದೆ. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆ ಕೆಡಿಸುವ ಗುಣವೇ ಮಾಳಿಗೆಯ ಮೇಲೆ ಮನೆ ಕಾಯುವ ಗುಣವಾಗುತ್ತದೆ. ಯಾವ ಪಠ್ಯಪುಸ್ತಕವೂ ಇಲ್ಲದ ಕಾಲದಲ್ಲಿ ಹಿರಿಯರು ಇದನ್ನು ಕಂಡುಕೊಂಡಿದ್ದರು.

ತಾಯಂದಿರ ಭಯ

ಇಷ್ಟೆಲ್ಲ ಗುಣವಿರುವ ಮನೆಯನ್ನು ಜನ ಏಕೆ ಕೆಡವುತ್ತಿದ್ದಾರೆ? 'ಹಳ್ಳಿಯವರಿಗೆ ಪರಂಪರೆಯ ಬೆಲೆ ಗೊತ್ತಿಲ್ಲ' ಎಂದು ಪಟ್ಟಣದಲ್ಲಿ ಕುಳಿತು ಹೇಳುವವರಿಗೆ ಮಾಳಿಗೆ ಮನೆಯ ಮಳೆಗಾಲದ ರಾತ್ರಿ ಗೊತ್ತಿಲ್ಲ.

ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಸುಮಾರು 480 ಕಿಲೊ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಕೋಣೆಯ ಮೇಲೆ ನಾಲ್ಕೂವರೆ ಟನ್ ಭಾರ ಎಂದಾಯಿತು. ಅದೂ ಒಣಗಿದ್ದಾಗಿನ ತೂಕ. ಮಳೆಗೆ ಮುಂಚೆ ಪ್ರತಿವರ್ಷ ಹೊಸ ಮಣ್ಣು ಹರಡುತ್ತಾರೆ. ಹಳೆಯದನ್ನು ಕೆರೆದು ತೆಗೆಯದೆ ಹಾಕುತ್ತಲೇ ಹೋದರೆ ಭಾರ ಏರುತ್ತಲೇ ಹೋಗುತ್ತದೆ. ಕೆಳಗಿನ ತೊಲೆಗೆ ಗೆದ್ದಲು ಹಿಡಿದಿದ್ದರೆ? ಎರಡು ಮೂರು ದಿನ ಬಿಡದೆ ಜಡಿಮಳೆ ಹಿಡಿದರೆ? 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ನೆಲಕಚ್ಚಿದವು. ಕೊಪ್ಪಳ ಜಿಲ್ಲೆಯೂ ಅದರಿಂದ ಪಾರಾಗಲಿಲ್ಲ. ಗೋಡೆ ಬಿದ್ದು ಜೀವ ಹೋದ ಸುದ್ದಿ ಓದಿದ ತಾಯಿ ಮಕ್ಕಳನ್ನು ಮಾಳಿಗೆಯ ಕೆಳಗೆ ಮಲಗಿಸಲು ಹೆದರಿದರೆ ಅದು ಅಜ್ಞಾನವಲ್ಲ.

ಇನ್ನೂ ಹಲವು ಕಾರಣಗಳಿವೆ. ಮಾಳಿಗೆ ಹಾಕಬಲ್ಲ ಹಿರಿಯರು ಕಡಿಮೆಯಾಗಿದ್ದಾರೆ. ಒಳ್ಳೆಯ ಕಟ್ಟಿಗೆಯ ಬೆಲೆ ಕೈಗೆಟುಕದು. ಅಣ್ಣತಮ್ಮಂದಿರು ಪಾಲಾದಾಗ ಪಡಸಾಲೆಯ ನಡುವೆಯೇ ಗೋಡೆ ಏಳುತ್ತದೆ. ಗವಾಕ್ಷಿ ಒಬ್ಬರ ಪಾಲಿಗೆ, ಬಾಗಿಲು ಇನ್ನೊಬ್ಬರ ಪಾಲಿಗೆ. ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿ ಎತ್ತರಿಸಿದ್ದರಿಂದ ಎಷ್ಟೋ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಾಗಿದೆ. ಮಳೆನೀರು ನೇರ ಒಳಗೆ ಬಂದು ಗೋಡೆಯ ಬುಡ ನೆನೆಯುತ್ತದೆ. ಅದನ್ನು ತಡೆಯಲೆಂದು ಮನೆಯವರು ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ಅದರಿಂದ ಒಳಗಿನ ತೇವ ಹೊರಬರಲಾರದೆ ಗೋಡೆ ಮತ್ತಷ್ಟು ಬೇಗ ಟೊಳ್ಳಾಗುತ್ತದೆ. ಹಿಂದಿನವರು ಬಳಸುತ್ತಿದ್ದ ಸುಣ್ಣದ ಗಾರೆಗೆ ಸೂಕ್ಷ್ಮ ರಂಧ್ರಗಳಿದ್ದು ಗೋಡೆಯ ತೇವ ಆರಿ ಹೋಗುತ್ತಿತ್ತು.

ಹೊಸ ಮನೆ ಕಟ್ಟಿಕೊಳ್ಳುವವರಿಗೆ ಸರ್ಕಾರದ ವಸತಿ ಯೋಜನೆಗಳಲ್ಲಿ ಸಹಾಯಧನವಿದೆ. ಹಳೆಯ ಮಾಳಿಗೆಗೆ ಹೊಸ ತೊಲೆ ಕೊಡಿಸುವವರನ್ನು ಹುಡುಕಬೇಕು. ಹೀಗಿರುವಾಗ ಬಡ ಕುಟುಂಬ ಯಾವ ದಾರಿ ಹಿಡಿಯುತ್ತದೆಂದು ಹೇಳಬೇಕಾಗಿಲ್ಲ.

ಕಾನೂನು ಬಂತು, ಇಕ್ಕಟ್ಟೂ ಬಂತು

ಆನೆಗೊಂದಿಯ ಜನರಿಗೆ ಈ ಕಷ್ಟಗಳ ಜೊತೆಗೆ ಕಾನೂನಿನ ಇಕ್ಕಟ್ಟೂ ಸೇರಿತು. ಅದರ ಮೊದಲ ಅನುಭವ ಸೇತುವೆಯದು.

ನದಿಯ ಆಚೆ ಹೊಸಪೇಟೆ. ಆಸ್ಪತ್ರೆ, ಸಂತೆ, ಕಾಲೇಜು ಯಾವುದಕ್ಕೇ ಆಗಲಿ ಆನೆಗೊಂದಿಯವರು ಹರಿಗೋಲು ಹತ್ತಬೇಕಿತ್ತು, ಇಲ್ಲವೇ ಬಹುದೂರ ಸುತ್ತಿ ಹೋಗಬೇಕಿತ್ತು. ಹೊಳೆ ತುಂಬಿದರೆ ಹರಿಗೋಲೂ ಇರುತ್ತಿರಲಿಲ್ಲ. ಆದ್ದರಿಂದ ತಳವಾರಘಟ್ಟಕ್ಕೆ ಸೇತುವೆ ಬೇಕೆಂಬುದು ಹಳೆಯ ಬೇಡಿಕೆಯಾಗಿತ್ತು. ಸೇತುವೆಯ ಕೆಲಸವೂ ಶುರುವಾಯಿತು. ಆದರೆ ಸ್ಮಾರಕಗಳ ನಡುವೆ ಭಾರಿ ವಾಹನಗಳ ಓಡಾಟಕ್ಕೆ ಅದು ದಾರಿ ಮಾಡುತ್ತದೆಂದು ಆಕ್ಷೇಪ ಎದ್ದು, 1999ರಲ್ಲಿ ಯುನೆಸ್ಕೊ ಹಂಪಿಯನ್ನು 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಸೇರಿಸಿತು. ಕೆಲಸ ವರ್ಷಗಟ್ಟಲೆ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಮತ್ತೆ ಕೆಲಸ ನಡೆಯುತ್ತಿದ್ದಾಗ 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಸ್ಮಾರಕಗಳಿಂದ ದೂರದಲ್ಲಿ, ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಬೇರೆ ಸೇತುವೆ ಆದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಪರಂಪರೆಯವರ ಆತಂಕ ಸುಳ್ಳಲ್ಲ. ಹೊಳೆ ದಾಟಬೇಕಿದ್ದ ಗರ್ಭಿಣಿಯ ಅಗತ್ಯವೂ ಸುಳ್ಳಲ್ಲ. ಎರಡನ್ನೂ ಮೊದಲೇ ಒಟ್ಟಿಗೆ ಕೂರಿಸಿ ಯೋಚಿಸದೆ ಹೋದದ್ದೇ ದುರಂತ.

ಈ ಪಾಠದ ಹಿನ್ನೆಲೆಯಲ್ಲಿ ರೂಪುಗೊಂಡದ್ದು 2002ರ ಕಾಯ್ದೆಯ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ನದಿಯ ಎರಡೂ ದಂಡೆಗಳ 29 ಗ್ರಾಮಗಳು, ಸುಮಾರು 236 ಚದರ ಕಿಲೊಮೀಟರ್ ಪ್ರದೇಶ ಅದರ ವ್ಯಾಪ್ತಿಗೆ ಬಂತು. ಕಟ್ಟುವುದಕ್ಕೂ ಮಾರ್ಪಡಿಸುವುದಕ್ಕೂ ಪ್ರಾಧಿಕಾರದ ಒಪ್ಪಿಗೆ ಬೇಕಾಯಿತು. ಇಟಗಿ, ಕುಕನೂರಿನಂಥ ಊರುಗಳಲ್ಲಿ ಇನ್ನೊಂದು ಕಾನೂನು ಇದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ನಿಯಮ ಇಲ್ಲದಿದ್ದರೆ ಗುಡಿಯ ಗೋಪುರ ಮರೆಯಾಗುವಂತೆ ಕಟ್ಟಡ ಏಳುತ್ತಿದ್ದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸೋರುವ ಮನೆಯವನು ಅರ್ಜಿ ಹಿಡಿದು ಅಲೆಯುವುದೂ ಇದರಿಂದಲೇ ಆಯಿತು.

ಜನರನ್ನು ಬಿಟ್ಟು ಕಲ್ಲನ್ನಷ್ಟೇ ನೋಡಿದರೆ ಏನಾಗುತ್ತದೆಂಬುದಕ್ಕೆ ಹೊಳೆಯ ಆಚೆಯ ಹಂಪಿ ಬಜಾರ್ ಸಾಕ್ಷಿ. ವಿರೂಪಾಕ್ಷ ದೇವಾಲಯದ ಮುಂದಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಸುಮಾರು 300 ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. ಮಂಟಪಗಳಿಗೆ ಧಕ್ಕೆಯಾಗುತ್ತಿದ್ದುದು ನಿಜ. ಆದರೆ ತೆರವಾದ ಮೇಲೆ ಶತಮಾನಗಳ ಕಾಲ ಬಜಾರ್ ಎನಿಸಿಕೊಂಡಿದ್ದ ಬೀದಿಯಲ್ಲಿ ಬಜಾರೇ ಇಲ್ಲವಾಯಿತು.

ಏಳು ಮಹಿಳೆಯರ ಸವಾನಾ

ಇಂಥ ಇಕ್ಕಟ್ಟು ಆನೆಗೊಂದಿಗೆ ಮಾತ್ರ ಬಂದದ್ದಲ್ಲ. ಹಳೆಯ ವಸತಿ ಎಲ್ಲಿದೆಯೋ ಅಲ್ಲೆಲ್ಲ ಬಂದಿದೆ. ಅಮೆರಿಕದ ಅನುಭವವನ್ನು ನೋಡುವುದು ಉಪಯುಕ್ತ. ಅಲ್ಲಿನ ಹಳೆಯ ಪಟ್ಟಣಗಳಿಗೆ ಇನ್ನೂರು ಮುನ್ನೂರು ವರ್ಷ. ಆನೆಗೊಂದಿಯ ಮುಂದೆ ಅವು ಮೊಮ್ಮಕ್ಕಳು. ಆದರೂ ಒಂದು ಗುಡಿ, ಒಂದು ಮಹಲಲ್ಲ, ಇಡೀ ಓಣಿಯೇ ಪರಂಪರೆ ಎಂಬ ಮಾತನ್ನು ಕಾನೂನಿನಲ್ಲಿ ಬರೆದವರಲ್ಲಿ ಅವರು ಮೊದಲಿಗರ ಸಾಲಿನಲ್ಲಿದ್ದಾರೆ. ದಕ್ಷಿಣ ಕರೊಲೈನಾದ ಚಾರ್ಲ್ಸ್‌ಟನ್ ನಗರ 1931ರಲ್ಲಿಯೇ ತನ್ನ ಹಳೆಯ ಭಾಗವನ್ನು 'ಐತಿಹಾಸಿಕ ವಲಯ' ಎಂದು ಗುರುತಿಸಿ, ಮನೆಗಳ ಹೊರರೂಪ ಬದಲಿಸುವ ಮುನ್ನ ಒಂದು ಮಂಡಳಿಯ ಒಪ್ಪಿಗೆ ಪಡೆಯಬೇಕೆಂದು ನಿಯಮ ಮಾಡಿತು.

ಜಾರ್ಜಿಯಾ ರಾಜ್ಯದ ಸವಾನಾ ನಗರದ ಕತೆ ಇನ್ನೂ ಹೇಳುವಂಥದ್ದು. ಜೇಮ್ಸ್ ಒಗ್ಲೆಥಾರ್ಪ್ ಎಂಬಾತ 1733ರಲ್ಲಿ ಸ್ಥಾಪಿಸಿದ ಈ ಊರು ಚೌಕಗಳ ಊರು. ಪ್ರತಿ ಚೌಕದ ಸುತ್ತ ಮನೆಗಳು, ನಡುವೆ ಮರಗಳ ನೆರಳು. 1954ರಲ್ಲಿ ಅಲ್ಲಿನ ಹಳೆಯ ಮಾರುಕಟ್ಟೆಯನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಲಾಯಿತು. ಮರುವರ್ಷ 1820ರಲ್ಲಿ ಕಟ್ಟಿದ ಡ್ಯಾವನ್‌ಪೋರ್ಟ್ ಮನೆಗೂ ಕುತ್ತು ಬಂದಾಗ ಏಳು ಮಹಿಳೆಯರು ಸೇರಿ, ಹಣ ಕೂಡಿಸಿ, ಅದನ್ನು ಕೊಂಡು ಉಳಿಸಿದರು. ಅವರಿಂದ ಹುಟ್ಟಿದ ಸಂಸ್ಥೆ ಮುಂದೆ 'ಸುತ್ತುನಿಧಿ'ಯನ್ನು ಬಳಕೆಗೆ ತಂದಿತು. ಬೀಳಲಿರುವ ಮನೆಯನ್ನು ಸಂಸ್ಥೆ ಕೊಳ್ಳುವುದು, ದುರಸ್ತಿ ಮಾಡಿಸಿ ಇಟ್ಟುಕೊಳ್ಳುತ್ತೇನೆಂದು ಕರಾರು ಬರೆದುಕೊಡುವವರಿಗೆ ಮಾರುವುದು, ಬಂದ ಹಣದಲ್ಲಿ ಮುಂದಿನ ಮನೆ ಕೊಳ್ಳುವುದು. ಹೀಗೆ ಒಂದೇ ಗಂಟು ಓಣಿಯೆಲ್ಲ ಸುತ್ತಿತು. 1966ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಐತಿಹಾಸಿಕ ಸಂರಕ್ಷಣಾ ಕಾಯ್ದೆ ತಂದಿತು. ಅದೇ ವರ್ಷ ಸವಾನಾದ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಮಾರುಕಟ್ಟೆ ಕೆಡವಿ ಕಟ್ಟಿದ್ದ ಕಾರಿನ ಕಟ್ಟಡವನ್ನು ಆ ಊರಿನವರು ಮುಂದೆ ತಾವೇ ಕೆಡವಿ, ಕಾರುಗಳನ್ನು ನೆಲದಡಿಗೆ ಕಳಿಸಿ, 2010ರಲ್ಲಿ ಅಲ್ಲಿ ಮತ್ತೆ ಚೌಕ ಮಾಡಿಕೊಂಡರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾದೀತು. ಓಣಿ ಚೆಂದವಾದೊಡನೆ ಅಲ್ಲಿನ ಮನೆಗಳ ಬೆಲೆ ಏರಿತು. ಬೆಲೆಯೊಂದಿಗೆ ಬಾಡಿಗೆ, ತೆರಿಗೆ ಏರಿದವು. ಹಣವಂತರು ಬಂದರು. ತಲೆಮಾರುಗಳಿಂದ ಬಾಡಿಗೆಗೆ ಇದ್ದ ಬಡವರು, ಹೆಚ್ಚಾಗಿ ಕರಿಯರು, ಹೊರಬೀಳುವ ಹಾಗಾಯಿತು. ಗೋಡೆ ಉಳಿದು ಮನುಷ್ಯ ಹೋದರೆ ಪ್ರಯೋಜನವೇನು? ಸಂರಕ್ಷಣೆಯ ಕೆಲಸದಲ್ಲಿದ್ದ ಲೀ ಆಡ್ಲರ್ ಇದನ್ನು ಕಂಡು 1974ರಲ್ಲಿ ಬೇರೊಂದು ಸಂಸ್ಥೆ ಆರಂಭಿಸಿದರು. ವಿಕ್ಟೋರಿಯನ್ ವಲಯ ಎನ್ನುವ ಭಾಗದ ಮರದ ಮನೆಗಳನ್ನು ಕೊಂಡು, ದುರಸ್ತಿ ಮಾಡಿಸಿ, ಸರ್ಕಾರದ ವಸತಿ ನೆರವನ್ನು ಬಳಸಿ, ಬಡ ನಿವಾಸಿಗಳಿಗೆ ಕೈಗೆಟುಕುವ ಬಾಡಿಗೆಗೆ ಕೊಡುವುದು ಅದರ ಉದ್ದೇಶ. ಹಳೆಯ ಮನೆಗೆ ದುರಸ್ತಿ, ಹಳೆಯ ನಿವಾಸಿಗೆ ನೆಲೆ, ಎರಡೂ ಒಂದೇ ಲೆಕ್ಕದಲ್ಲಿ ಬಂದವು.

ಆನೆಗೊಂದಿಗೆ ಈ ಎಚ್ಚರ ಇಂದು ಬಹಳ ಅಗತ್ಯ. ಅಂಜನಾದ್ರಿ ಬೆಟ್ಟಕ್ಕೆ ಬರುವವರ ಸಂಖ್ಯೆ ಏರಿದೆ. ಸುತ್ತಲಿನ ಜಮೀನಿನ ಮೇಲೆ ಹೊರಗಿನವರ ಕಣ್ಣು ಬಿದ್ದಿದೆ. ಸಮೀಪದ ವಿರೂಪಾಪುರಗಡ್ಡೆಯಲ್ಲಿ ಅನುಮತಿ ಇಲ್ಲದೆ ಎದ್ದಿದ್ದ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಕೆಡವಬೇಕಾಯಿತು. ಮೊದಲು ಕಟ್ಟಲು ಬಿಟ್ಟು, ಆಮೇಲೆ ಕೆಡವುವುದು ಯಾರಿಗೂ ಒಳ್ಳೆಯದಲ್ಲ.

ಮನೆ ಉಳಿಸುವ ಹಲವು ದಾರಿ

ನಮ್ಮಲ್ಲಿ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. 1997ರಲ್ಲಿ, ಅಂದರೆ ಕೊಪ್ಪಳ ಜಿಲ್ಲೆಯಾದ ವರ್ಷವೇ, ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಆರಂಭವಾಯಿತು. ಹಳೆಯ ಮನೆಗಳನ್ನು ಹಳೆಯ ರೀತಿಯಲ್ಲೇ ದುರಸ್ತಿ ಮಾಡಿಸಿ ಪ್ರವಾಸಿಗರು ತಂಗುವಂತೆ ಮಾಡಿದ್ದು, ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಮಾಡುವ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿದ್ದು ಅದರ ಮುಖ್ಯ ಕೆಲಸ. ಗದ್ದೆಯಲ್ಲಿ ಕೊಳೆಯುತ್ತಿದ್ದ ಬಾಳೆದಿಂಡು ಕೂಲಿಯಾಗಿ ಮನೆಗೆ ಬಂತು. ಮನೆಯಲ್ಲಿ ನಾಲ್ಕು ಕಾಸು ಇದ್ದರೆ ಮಾಳಿಗೆಗೆ ಮಣ್ಣು ಬೀಳುತ್ತದೆ.

ಇನ್ನೊಂದು ದಾರಿಯನ್ನು ಕುಕನೂರು ಕಂಡಿದೆ. ಅಲ್ಲಿನ ಕಮಲ ಮಹಲ್ ಎಂಬ ಹಳೆಯ ಕಟ್ಟಡ ಈಗ ಕುಕನೂರಿನಲ್ಲಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿ ಬೆಳೆಸಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿದೆ. ಬಿಡಿಬಿಡಿಯಾಗಿ ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿ ನಿಲ್ಲಿಸಿದ ಕಟ್ಟಡಗಳಲ್ಲಿ ಅದೂ ಒಂದು. ಆ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಮಹಲ್ ಉಳಿದರೂ ಕುಕನೂರಿನ ಓಣಿಗೆ ಅದು ಇಲ್ಲವಾಯಿತು. ಬೇರೆ ದಾರಿಯೇ ಇಲ್ಲದಾಗ ಹಿಡಿಯಬೇಕಾದ ದಾರಿ ಅದು.

ಓಣಿ ಎಂದರೆ ಕಸುಬು ಕೂಡ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಮೆತ್ತಿ, ಬಣ್ಣ ಹಾಕುವುದು ಮನೆಯ ಪಡಸಾಲೆಯಲ್ಲೇ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಗೊಂಬೆ ಹುಟ್ಟುವ ಪಡಸಾಲೆಗೆ ಅಂಥ ಮಾನ್ಯತೆ ಇಲ್ಲ. ಕುಷ್ಟಗಿ ತಾಲ್ಲೂಕಿನ ದೋಟಿಹಾಳದಂಥ ನೇಕಾರರ ಊರುಗಳಲ್ಲಿ ಮಗ್ಗದ ಕುಣಿ ಮನೆಯ ನೆಲದಲ್ಲೇ ಇರುತ್ತದೆ. ಎರಡು ಕೋಣೆಯ, ಕಲ್ಲು ಹಾಸಿದ ಹೊಸ ಮನೆಯಲ್ಲಿ ಕುಣಿಗೆ ಜಾಗ ಎಲ್ಲಿ? ಮನೆಯ ನಕ್ಷೆ ಬದಲಾದರೆ ಕಸುಬೂ ಸದ್ದಿಲ್ಲದೆ ಹೊರನಡೆಯುತ್ತದೆ.

ಏನು ಮಾಡಬಹುದು?

ಹಳೆಯ ಮನೆಯನ್ನೆಲ್ಲ ಹಾಗೆಯೇ ಇಡಬೇಕೆಂದು ಯಾರೂ ಹೇಳಲಾರರು. ಶೌಚಾಲಯ ಬೇಕು, ನಲ್ಲಿ ಬೇಕು, ಓದುವ ಮಕ್ಕಳಿಗೆ ಬೆಳಕಿನ ಕೋಣೆ ಬೇಕು. ಇವನ್ನು ಹಳೆಯ ಗೋಡೆಗಳ ನಡುವೆಯೇ ಮಾಡಿಕೊಳ್ಳಲು ಸಾಧ್ಯ. ಗೆದ್ದಲು ಹಿಡಿದ ತೊಲೆಯ ಬದಲು ಕಬ್ಬಿಣದ ತೊಲೆ ಕೊಡಬಹುದು. ಮಾಳಿಗೆಯ ಹಳೆಯ ಮಣ್ಣು ಕೆರೆದು ಭಾರ ಇಳಿಸಬಹುದು. ಮಣ್ಣಿನ ಗೋಡೆಗೆ ಸಿಮೆಂಟಿನ ಬದಲು ಸುಣ್ಣದ ಗಾರೆ ಮಾಡಬಹುದು. ರಸ್ತೆಗೆ ಹೊಸ ಕಾಂಕ್ರೀಟ್ ಹಾಕುವ ಮುನ್ನ ಹಳೆಯದನ್ನು ಕಿತ್ತು ಮಟ್ಟ ಇಳಿಸಬೇಕೆಂದು ಪಂಚಾಯಿತಿಯನ್ನು ಕೇಳಬಹುದು. ಇದಕ್ಕೆ ಹಣಕ್ಕಿಂತ ಗಮನ ಹೆಚ್ಚು ಬೇಕು.

ಸರ್ಕಾರದ ಪಾಲೂ ಇದೆ. ಹೊಸ ಮನೆಗೆ ಕೊಡುವ ಸಹಾಯಧನದಲ್ಲಿ ಒಂದು ಭಾಗ ಹಳೆಯ ಮನೆಯ ದುರ್ಬಲ ಭಾಗ ಗಟ್ಟಿ ಮಾಡಲು ಸಿಗುವಂತಾದರೆ ಎಷ್ಟೋ ಮಾಳಿಗೆಗಳು ನಿಲ್ಲುತ್ತವೆ. ನಿಯಮ ಮಾಡುವ ಕಚೇರಿಯೇ ಒಬ್ಬ ಎಂಜಿನಿಯರನ್ನೂ ಒಬ್ಬ ನುರಿತ ಗೌಂಡಿಯನ್ನೂ ಓಣಿಗೆ ಕಳಿಸಿ 'ಹೀಗೆ ಮಾಡಿ' ಎಂದು ತೋರಿಸಿದರೆ ಜನ ಕಾನೂನನ್ನು ಶತ್ರುವೆಂದು ನೋಡುವುದಿಲ್ಲ. 'ಹೀಗೆ ಮಾಡಬೇಡಿ' ಎಂಬ ನೋಟಿಸು ಮಾತ್ರ ಬಂದರೆ ಮನೆ ಉಳಿಯುವುದಿಲ್ಲ, ಮನಸ್ಸೂ ಉಳಿಯುವುದಿಲ್ಲ.

ಗುಡಿಗೆ ಕಾವಲುಗಾರನಿದ್ದರೆ ಸಾಕು. ಮನೆ ಹಾಗಲ್ಲ. ದಿನಾ ಸಂಜೆ ದೀಪ ಹಚ್ಚುವವರು, ಮಳೆಗೆ ಮುಂಚೆ ಮಾಳಿಗೆ ಹತ್ತುವವರು ಅದರಲ್ಲಿ ಇರಬೇಕು. ಅವರು ಅಲ್ಲಿ ನೆಮ್ಮದಿಯಿಂದ ಬಾಳುವಂತೆ ಮಾಡುವುದೇ ಓಣಿಯ ಸಂರಕ್ಷಣೆ.

ವಿದ್ಯಾರ್ಥಿಗಳೇ, ನಿಮ್ಮ ಓಣಿಯ ದಾಖಲೆ ನೀವೇ ಮಾಡಿ

• ಎರಡು ಉಷ್ಣಮಾಪಕ ತೆಗೆದುಕೊಳ್ಳಿ. ಒಂದನ್ನು ಮಾಳಿಗೆ ಮನೆಯ ಪಡಸಾಲೆಯಲ್ಲಿ, ಇನ್ನೊಂದನ್ನು ಕಾಂಕ್ರೀಟ್ ಚಾವಣಿಯ ಮನೆಯಲ್ಲಿ ಒಂದೇ ಎತ್ತರಕ್ಕೆ ತೂಗುಹಾಕಿ. ಮೇ ತಿಂಗಳ ಒಂದು ದಿನ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ಬರೆದುಕೊಂಡು ನಕ್ಷೆ ಎಳೆಯಿರಿ. ಎರಡು ಗೆರೆಗಳ ಶಿಖರ ಯಾವ ಯಾವ ಹೊತ್ತಿಗೆ ಬರುತ್ತದೆ ನೋಡಿ.

• ತಳದಲ್ಲಿ ತೂತು ಮಾಡಿ ಬಟ್ಟೆ ಹಾಸಿದ ಎರಡು ಡಬ್ಬಿಗಳಲ್ಲಿ ಕೆಮ್ಮಣ್ಣು ಮತ್ತು ಸವಳು ಮಣ್ಣನ್ನು ಒಂದೇ ಎತ್ತರಕ್ಕೆ ತುಂಬಿ ಗಟ್ಟಿ ಮಾಡಿ. ಒಂದೊಂದು ಲೋಟ ನೀರು ಹಾಕಿ. ಯಾವುದರಿಂದ ನೀರು ಬೇಗ ಇಳಿಯುತ್ತದೆ?

• ಓಣಿಯ ನಕ್ಷೆ ಬರೆಯಿರಿ. ಅಗಸಿ, ಕಟ್ಟೆ, ಬಾವಿ, ಗುಡಿ, ಮಸೀದಿ, ವಾಡೆ ಎಲ್ಲವನ್ನೂ ಗುರುತಿಸಿ. ಮಾಳಿಗೆ ಮನೆ ಎಷ್ಟು, ಕಾಂಕ್ರೀಟ್ ಮನೆ ಎಷ್ಟು, ಬೀಗ ಹಾಕಿದ ಮನೆ ಎಷ್ಟು ಎಂದು ಎಣಿಸಿ.

• ಅಜ್ಜ, ಅಜ್ಜಿಯರ ಬಳಿ ಕುಳಿತು ಮನೆಯ ಒಂದೊಂದು ಭಾಗದ ಹೆಸರು ಕೇಳಿ ಬರೆದುಕೊಳ್ಳಿ. ಹಗೇವು, ಗೋದಲಿ, ಜಂತಿ, ಬೋದಿಗೆ, ಗವಾಕ್ಷಿ ಇವೆಲ್ಲ ಮನೆಯೊಂದಿಗೇ ಮರೆಯಾಗುತ್ತಿರುವ ಮಾತುಗಳು. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಹೇಗೆ ಕಟ್ಟುತ್ತಿದ್ದರು ಎಂದು ಬಲ್ಲವರು ಹೋದರೆ ಕೇಳಲು ಯಾರೂ ಇರುವುದಿಲ್ಲ.